ಹಾರ ಹಾಕಿದ ಮುಖ, ಕೈಯಲ್ಲಿ ಮಿರ್ಚಿ

ಕೊರೊನಾ ಕಾಲ ಮುಗಿದು, ಚಿತ್ರಮಂದಿರಗಳು ಮತ್ತೆ ಬಾಗಿಲು ತೆರೆದು ವರ್ಷ ಕಳೆದಿತ್ತು. ನಾನಾಗ ಹೊಸಪೇಟೆಯ ಒಬ್ಬ ಚಿತ್ರ ವಿತರಕರ ಕಚೇರಿಯಲ್ಲಿ ಪಬ್ಲಿಸಿಟಿ ಇನ್‌ಚಾರ್ಜ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಬೀದಿಯದು. ಹೊಸ ಚಿತ್ರ ಬಂದರೆ ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ಸುತ್ತಿನಲ್ಲಿ ಯಾವ ಗೋಡೆಗೆ ಯಾವ ಪೋಸ್ಟರ್ ಹಚ್ಚಬೇಕು, ಯಾವ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಬೇಕು, ಮೈಕಿನ ಆಟೋ ಎಲ್ಲಿ ತಿರುಗಬೇಕು, ಟ್ರೇಲರನ್ನು ಯಾರ ಚಿತ್ರದ ಇಂಟರ್ವಲ್ಲಿನಲ್ಲಿ ತೋರಿಸಬೇಕು ಎಂಬುದನ್ನೆಲ್ಲ ನಾನೇ ನೋಡಿಕೊಳ್ಳಬೇಕು. ನಮ್ಮದು ಮಡಿ, ಪೂಜೆ, ಏಕಾದಶಿಯ ಮನೆ. ಸೊಸೆ ಗೋಡೆಗೆ ಪೋಸ್ಟರ್ ಹಚ್ಚಿಸಿಕೊಂಡು ತಿರುಗುತ್ತಾಳೆ ಎಂದು ನಮ್ಮತ್ತೆ ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ “ಪದ್ಮಜಾ ಆಫೀಸಿಗೆ ಹೋಗ್ತಾಳ” ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಎಂದರೆ ನಿಂತು ನೋಡುವುದು. ಪೋಸ್ಟರ್ ನೋಡುವವರ ಮುಖ ನೋಡುವುದು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರಿಗೆ ಪುರುಸೊತ್ತಿರುತ್ತದೆ, ಅವರು ಸಣ್ಣ ಅಕ್ಷರವನ್ನೂ ಬಿಡದೆ ಓದುತ್ತಾರೆ. ಕುರೆಕುಪ್ಪದಲ್ಲಿ ಸ್ಟೀಲ್ ಪ್ಲಾಂಟಿನ ಶಿಫ್ಟ್ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅಕ್ಷರ ಕಾಣುವುದಿಲ್ಲ. ಅರ್ಧದಷ್ಟು ಮಂದಿಗೆ ಕನ್ನಡವೂ ಬಾರದು. ಅವರಿಗೆ ಚಿತ್ರವೇ ಎಲ್ಲವನ್ನೂ ಹೇಳಬೇಕು. ಆಕ್ಷನ್ ಚಿತ್ರದ ಪೋಸ್ಟರ್ ಸುಲಭ, ಹೀರೋ ಕೈಯಲ್ಲಿ ಏನಾದರೊಂದು ಕೊಟ್ಟರೆ ಮುಗಿಯಿತು. ಕಷ್ಟವೆಲ್ಲ ಕಾಮಿಡಿಯದು. ಪೋಸ್ಟರ್ ತುಂಬ ಹಲ್ಲು ಕಿರಿದು ನಗುವವರನ್ನು ಹಾಕಿದರೆ ನೋಡುವವರ ಮುಖ ಹಿಟ್ಟು ಮೆತ್ತಿದಂತೆ ಹಾಗೇ ಇರುತ್ತದೆ. ಅದೇ, ಒಬ್ಬ ಗಂಭೀರವಾಗಿ ಪ್ಯಾಂಟಿಲ್ಲದೆ ಭಾಷಣ ಮಾಡುತ್ತಿರಲಿ, ನೋಡಿದವರು ಪಕ್ಕದವರ ಭುಜ ತಟ್ಟಿ ತೋರಿಸುತ್ತಾರೆ. ಭುಜ ತಟ್ಟಿದರೆ ಟಿಕೆಟ್ ಖಾತ್ರಿ ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ಆ ವರ್ಷ ನಮ್ಮ ಕೈಗೆ ಬಂದದ್ದು ‘ಉಂಡು ಹೋಗ್ರಿ’ ಎಂಬ ಸಣ್ಣ ಚಿತ್ರ. ನಿರ್ದೇಶಕ ಕಿರಣ್ ಸಂಡೂರಿನ ಹುಡುಗ, ಮೈನ್ಸ್ ಲಾರಿ ಡ್ರೈವರನ ಮಗ, ಮೊದಲ ಚಿತ್ರ. ತಾನು ಸತ್ತ ಮೇಲೆ ಸೊಸೆಯಂದಿರು ತಿಥಿಯ ಹೋಳಿಗೆ ಕೆಡಿಸುತ್ತಾರೆ ಎಂಬ ಅನುಮಾನದಿಂದ ಅಜ್ಜಿಯೊಬ್ಬಳು ಬದುಕಿರುವಾಗಲೇ ತನ್ನ ತಿಥಿಯೂಟ ಹಾಕಿಸುವ ಕಥೆ. ಅಜ್ಜಿಯ ಪಾತ್ರಕ್ಕೆ ಕಂಪ್ಲಿಯ ಹುಲಿಗೆಮ್ಮ. ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾಸ್ಯ ಪಾತ್ರ ಮಾಡಿದವಳು. ಅವಳು ರಂಗದ ಮೇಲೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಸಾಕು, ಮಾತಿಗಿಂತ ಮುಂಚೆ ನಗು ಶುರುವಾಗುತ್ತಿತ್ತು. ನನಗೂ ಅವಳಿಗೂ ಹಳೆಯ ಗೆಳೆತನ. ನನ್ನನ್ನು ಪದ್ದಮ್ಮ ಎನ್ನುತ್ತಾಳೆ, ಸಿಟ್ಟು ಬಂದರೆ ಬರೀ “ಲೇ”.

ಬೆಂಗಳೂರಿನ ಡಿಸೈನರ್ ಮಾಡಿದ ಪೋಸ್ಟರಿನಲ್ಲಿ ಹುಲಿಗೆಮ್ಮನ ಮುಖ ಒಂದು ಫೋಟೋ ಫ್ರೇಮಿನೊಳಗೆ ಇತ್ತು, ಫ್ರೇಮಿಗೊಂದು ಹಾರ. ಬೇರೇನೂ ಇಲ್ಲ. ಬೆಂಗಳೂರಿನಲ್ಲಿ ಅದನ್ನು ನೋಡಿದವರೆಲ್ಲ ನಕ್ಕಿದ್ದರಂತೆ. ನಗದೆ ಏನು, ಅಲ್ಲಿ ಹತ್ತು ಸಿನಿಮಾ ಪೋಸ್ಟರಿನ ನಡುವೆ ಅದೂ ಒಂದು. ನಮ್ಮ ಕಡೆ ಅದಕ್ಕೆ ಇನ್ನೊಂದು ಶಾಸ್ತ್ರ ಸೇರಿಕೊಂಡಿತು. ಇಲ್ಲಿ ಫ್ಲೆಕ್ಸ್ ಎಂದರೆ ಅದರ ಕೆಳಗೆ ಸಾಲಾಗಿ ಶುಭಕೋರುವವರ ಮುಖಗಳಿರಬೇಕು. ಹುಟ್ಟುಹಬ್ಬವಿರಲಿ, ಗೃಹಪ್ರವೇಶವಿರಲಿ, ಮುಖ ಬರದಿದ್ದರೆ ಯಾರೂ ಕೈ ಜೋಡಿಸುವುದಿಲ್ಲ. ಹುಲಿಗೆಮ್ಮನ ಅಭಿಮಾನಿ ಬಳಗದವರೂ ಸಂಭ್ರಮದಿಂದ ತಮ್ಮ ತಮ್ಮ ಫೋಟೋಗಳನ್ನು ಕಂಪ್ಲಿಯ ಫ್ಲೆಕ್ಸ್ ಅಂಗಡಿಗೆ ಕಳಿಸಿದರು. ಎಲ್ಲವೂ ಬಿಳಿ ಅಂಗಿಯ, ಬಿಗಿ ಮುಖದ ಪಾಸ್‌ಪೋರ್ಟ್ ಫೋಟೋಗಳು.

ಬಿಡುಗಡೆ ಶುಕ್ರವಾರ. ಮಂಗಳವಾರ ಬೆಳಿಗ್ಗೆ ನಾನು ಸಂಡೂರಿನಲ್ಲಿ ಗೋಡೆ ಹುಡುಕುತ್ತಿದ್ದಾಗ ಹುಲಿಗೆಮ್ಮನ ಫೋನ್ ಬಂತು.

“ಲೇ ಪದ್ದಮ್ಮ, ನಾ ಸತ್ತೀನೇನು?”

“ಏನಾತ ನಿಂಗ?”

“ಮನಿ ಮುಂದ ಮಂದಿ ಕುಂತಾರ. ಹಾರ ತಂದಾರ. ನನ್ನ ನೋಡಿ ಒಬ್ಬಾಕಿ ಕಿಟಾರನೆ ಕಿರುಚಿದ್ಲು. ಈಗ ನಾ ಚಾ ಮಾಡ್ಲೋ, ಇವ್ರ ಜೊತಿ ಕುಂತು ಅಳ್ಲೋ, ಹೇಳು!”

ನಾನು ಬಸ್ಸು ಹಿಡಿದು, ಹೊಸಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಂಪ್ಲಿ ಮುಟ್ಟಿದೆ. ಸರ್ಕಲ್ಲಿನಲ್ಲಿ ಎತ್ತರಕ್ಕೆ ಕಟ್ಟಿದ್ದ ಫ್ಲೆಕ್ಸ್ ನೋಡಿದೆ. ನಡುವೆ ಹಾರ ಹಾಕಿದ ಹುಲಿಗೆಮ್ಮ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ. ಕೆಳಗೆ ‘ಉಂಡು ಹೋಗ್ರಿ, ಇದೇ ಶುಕ್ರವಾರ’. ಅದರ ಕೆಳಗೆ ಬಿಗಿ ಮುಖದ ಇಪ್ಪತ್ತು ಜನ. ಚಿತ್ರಮಂದಿರದ ಹೆಸರು ಮೂಲೆಯಲ್ಲಿ ಸಾಸಿವೆಯಷ್ಟು. ನಾನು ನೋಡುತ್ತಿದ್ದಂತೆಯೇ ಮುದುಕರೊಬ್ಬರು ಚಪ್ಪಲಿ ಬಿಟ್ಟು ಫ್ಲೆಕ್ಸಿಗೆ ಕೈ ಮುಗಿದರು. “ಭಾಳ ನಗಿಸಿದ್ಲವ್ವ ಆಕಿ,” ಎಂದು ನನಗೆ ಹೇಳಿ ಕಣ್ಣೊರೆಸಿಕೊಂಡು ಹೋದರು.

ಎದುರಿಗೇ ಫ್ಲೆಕ್ಸ್ ಅಂಗಡಿ. ಅದರ ಮಾಲೀಕ ರಾಜಾಸಾಬ್‌ಗೆ ನಾನು ಬಾಯಿಗೆ ಬಂದಂತೆ ಬೈದೆ. ಪಾಪ, ಆತ ಬಾಗಿಲಲ್ಲೇ ಕೈ ಕಟ್ಟಿ ನಿಂತು ಕೇಳಿಸಿಕೊಂಡ.

“ಮೇಡಂ, ಹಾರ ಹಾಕಿದ ಫೋಟೋ ಬಂತು. ಹಿಂದೇ ಇಪ್ಪತ್ತು ಮಂದಿ ಫೋಟೋ ಬಂದ್ವು. ಅದರಾಗ ‘ಉಂಡು ಹೋಗ್ರಿ’ ಅಂತ ಬ್ಯಾರೆ. ತಿಥಿ ಅಲ್ದ ನಾ ಏನಂತ ತಿಳ್ಕಬೇಕ್ರಿ? ನಾನೂ ಅತ್ತೀನ್ರಿ. ಆ ದೀಪ ನಾನ ಇಟ್ಟಿದ್ದು. ಅದಕ್ಕ ರೊಕ್ಕ ಸೈತ ತಗೊಂಡಿಲ್ಲ.”

ಹುಲಿಗೆಮ್ಮನ ಮೇಲಿನ ಪ್ರೀತಿಯಿಂದ ದೀಪ ಹಚ್ಚಿದವನ ಮೇಲೆ ಎಷ್ಟು ಹೊತ್ತು ಸಿಟ್ಟಿರುತ್ತದೆ? ಆತನನ್ನೂ ಕರೆದುಕೊಂಡು ಅವಳ ಮನೆಗೆ ಹೋದೆ.

ಮನೆಯ ಮುಂದೆ ಚಾಪೆ ಹಾಸಿತ್ತು. ಸುದ್ದಿ ಸುಳ್ಳೆಂದು ಗೊತ್ತಾದ ಮೇಲೂ ಬಂದವರು ಎದ್ದು ಹೋಗಿರಲಿಲ್ಲ. ಒಬ್ಬ ಹೆಂಗಸು ಹುಲಿಗೆಮ್ಮನನ್ನು ತಬ್ಬಿಕೊಂಡು ಅತ್ತು, ಆಮೇಲೆ ಬೆನ್ನಿಗೊಂದು ಗುದ್ದಿ, “ಬದುಕೀನಿ ಅಂತ ಹೇಳಾಕ ಬಾಯಿಲ್ಲೇನ ನಿಂಗ!” ಎಂದು ಬೈಯುತ್ತಿದ್ದಳು. ಹುಲಿಗೆಮ್ಮ ಎಲ್ಲರಿಗೂ ಚಾ ಕೊಡುತ್ತ, ಎಲ್ಲರನ್ನೂ ಗೇಲಿ ಮಾಡುತ್ತ ಓಡಾಡುತ್ತಿದ್ದಳು. ಇವಳೇನೋ ಗಟ್ಟಿಯಾಗಿದ್ದಾಳೆ ಎಂದುಕೊಂಡು ನಾನು ಅವಳ ಹಿಂದೆ ಅಡುಗೆಮನೆಗೆ ಹೋದೆ. ಅಲ್ಲಿ ಅವಳು ಒಲೆಯ ಮುಂದೆ ಕುಸಿದು ಕುಳಿತಳು.

“ನಲವತ್ತು ವರ್ಷ ಬಣ್ಣ ಹಚ್ಚೀನಿ ಪದ್ದಮ್ಮ. ಕಂಪನಿ ಪೋಸ್ಟರ್‌ನಾಗ ಯಾವಾಗ್ಲೂ ನಾಯಕಿ ಮುಖ. ನಂದು ಬರೀ ಹೆಸರು, ಅದೂ ಕೆಳಗ, ಸಣ್ಣಗ. ನನ್ನ ಊರಾಗ ನನ್ನ ಮುಖ ಇದ ಮೊದಲ ಸಲ ಬಂದದ್ದು. ಬಂದದ್ದು ಬಂತು, ಹಾರ ಹಾಕ್ಕೊಂಡು ಬಂತು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಸಾಯೋದು ಹೋಗ್ಲಿ ಬಿಡು. ಮಂದಿ ನನ್ನ ಮುಖ ನೋಡಿ ಅತ್ರಲ್ಲ. ನಾ ಇಷ್ಟು ವರ್ಷ ದುಡದದ್ದು ಇದಕ್ಕೇನು?”

ಇನ್ನೊಂದು ಸಂಗತಿ ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಶುಕ್ರವಾರ, ಶನಿವಾರ ಸೀಟು ತುಂಬದಿದ್ದರೆ ಭಾನುವಾರದಿಂದ ತೆಲುಗು ಚಿತ್ರ ಹಾಕುವುದಾಗಿ ಹೊಸಪೇಟೆಯ ಚಿತ್ರಮಂದಿರದ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ಅತ್ತ ಮಂದಿ ಮೂರೇ ದಿನದಲ್ಲಿ ನಗಲು ಬರುತ್ತಾರೆಯೇ?

ಅಷ್ಟರಲ್ಲಿ ಕಿರಣ್ ಸಂಡೂರಿನಿಂದ ಬೈಕಿನಲ್ಲಿ ಬಂದ. ಮುಖದಲ್ಲಿ ದೀಪಾವಳಿ, ಬೆರಳಲ್ಲಿ ತಿರುಗುವ ಬೈಕಿನ ಕೀಲಿ. “ಮೇಡಂ, ಫ್ಲೆಕ್ಸ್ ಫೋಟೋ ಎಲ್ಲಾರ ಮೊಬೈಲ್‌ನಾಗೂ ಓಡಾಡಾಕತ್ತೈತ್ರಿ! ಪುಕ್ಕಟೆ ಪಬ್ಲಿಸಿಟಿ. ಶುಕ್ರವಾರದ ತನ ಹಿಂಗ ಇರ್ಲಿ, ಮುಟ್ಟಬ್ಯಾಡ್ರಿ.”

ನನ್ನ ಪಿತ್ತ ನೆತ್ತಿಗೇರಿತು. “ಸುದ್ದಿ ಕೇಳಿ ಮಂದಿ ಹಾರ ತಗೊಂಡ್ ಬರ್ತಾರಪ್ಪ, ಟಿಕೆಟ್ ತಗೊಂಡಲ್ಲ. ಒಳಗ ಹೋಗಿ ಆಕಿ ಮುಖ ನೋಡು, ಆಮ್ಯಾಲೆ ಪುಕ್ಕಟೆ ಅನ್ನು.”

ಅವನು ಒಳಗೆ ಹೋದ. ಹೊರಗೆ ಬಂದಾಗ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುವುದು ನಿಂತಿತ್ತು.

ಚಾಪೆಯ ಮೇಲೆ ಕುಳಿತು ಟ್ರೇಲರನ್ನೂ ಮತ್ತೆ ನೋಡಿದೆವು. ಮೊದಲರ್ಧವೆಲ್ಲ ಅಜ್ಜಿಯನ್ನು ಮಲಗಿಸಿ ಹೆಂಗಸರು ಅಳುವುದು. ಕಟ್ಟಕಡೆಗೆ ಅಜ್ಜಿ ಒಂದು ಕಣ್ಣು ತೆರೆದು “ಹೋಳಿಗಿಗೆ ತುಪ್ಪ ಹಾಕ್ರೆವ್ವ” ಎನ್ನುವುದು. ಗುಟ್ಟನ್ನು ಕೊನೆಗಿಟ್ಟರೆ ನಗು ಸಿಡಿಯುತ್ತದೆ ಎಂಬುದು ಎಡಿಟರನ ಲೆಕ್ಕ. ಆದರೆ ಹಿಂದಿನ ವಾರ ಹೊಸಪೇಟೆಯಲ್ಲಿ ಇಂಟರ್ವಲ್ಲಿಗೆ ಅದನ್ನು ಹಾಕಿದಾಗ ನಾನು ಪರದೆಯ ಪಕ್ಕ ನಿಂತು ಜನರ ಮುಖ ನೋಡಿದ್ದೆ. ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು. ಕಣ್ಣು ತೆರೆಯುವ ಹೊತ್ತಿಗೆ ಅವರೆಲ್ಲ ತಮ್ಮ ತಮ್ಮ ಮನೆಯ ಸಾವನ್ನು ನೆನೆಯುತ್ತಿದ್ದರು. ನಗು ಬಂತು ನಿಜ, ಆದರೆ ಅರ್ಧ ಬಂತು. ನಗಲು ನಾಚಿಕೆಪಟ್ಟಂತೆ ಇತ್ತು.

“ಕಣ್ಣು ತೆಗಿಯೋದು ಮೊದಲ ಬರ್ಲಿ,” ಎಂದೆ. “ಗುಟ್ಟು ನಮಗ ಮೊದಲ ಗೊತ್ತಾಗ್ಲಿ. ಆಮ್ಯಾಲೆ ಅಳೋರು ಎಷ್ಟರ ಅಳ್ಳಿ, ಅತ್ತಷ್ಟೂ ನಗು.”

“ಸಸ್ಪೆನ್ಸ್ ಹೋಗ್ತೈತ್ರಿ,” ಎಂದ ಕಿರಣ್.

“ಹೋಗ್ಲಿ ಬಿಡಪ್ಪ. ನೀ ಏನ್ ಕೊಲೆ ಸಿನಿಮಾ ಮಾಡೀಯೇನು?”

ಹಾಗೆ ವಾದ ನಡೆಯುತ್ತಿರುವಾಗ ಪಕ್ಕದ ಮನೆಯಾಕೆ ಬಂದವರಿಗೆಂದು ಮಂಡಕ್ಕಿ, ಮಿರ್ಚಿ ಬಜ್ಜಿ ತಂದಳು. ಹುಲಿಗೆಮ್ಮನೂ ಬಂದು ಕುಳಿತಳು. ಹಾರ ತಂದವರು ಅದನ್ನು ವಾಪಸ್ ಒಯ್ಯುವುದು ಹೇಗೆಂದು ಮುಜುಗರಪಡುತ್ತಿದ್ದರು. “ಕೊಡ್ರಿ ಇಲ್ಲೆ, ನನಗ ತಂದದ್ದಲ್ಲೇನು?” ಎಂದು ಕಸಿದುಕೊಂಡು ಅವಳೇ ಕೊರಳಿಗೆ ಹಾಕಿಕೊಂಡಳು. ಹಾಕಿಕೊಂಡವಳೇ ಮುಖ ಗಂಟಿಕ್ಕಿ, ನೆಟ್ಟಗೆ ಎದುರು ನೋಡುತ್ತ, ಅತ್ತಿತ್ತ ಕಣ್ಣಾಡಿಸದೆ ಕೈಯನ್ನು ಮಾತ್ರ ಪಕ್ಕಕ್ಕೆ ಚಾಚಿ ರಾಜಾಸಾಬನ ತಟ್ಟೆಯಿಂದ ಒಂದು ಮಿರ್ಚಿ ಎತ್ತಿದಳು. ರಾಜಾಸಾಬ್ ಬಾಯಿ ತೆರೆದು ಅವಳನ್ನೇ ನೋಡಿದ. ಅಂಗಳವೆಲ್ಲ ಹೋ ಎಂದು ನಕ್ಕಿತು. ಬೆಳಿಗ್ಗೆ ಕಿಟಾರನೆ ಕಿರುಚಿದ್ದ ಹೆಂಗಸಂತೂ ಪಕ್ಕದವಳ ಭುಜ ತಟ್ಟಿ ತಟ್ಟಿ ನಗುತ್ತಿದ್ದಳು.

ಭುಜ ತಟ್ಟಿದ್ದು ನಾನು ನೋಡಿದೆ.

“ಅಲ್ಲಾಡಬ್ಯಾಡ!” ಎಂದು ಕೂಗಿದೆ. ಕಿರಣ್ ಮೊಬೈಲಿನಲ್ಲಿ ಫೋಟೋ ತೆಗೆದ. ಆ ಸಂಜೆ ರಾಜಾಸಾಬನ ಅಂಗಡಿಯಲ್ಲಿ ಹೊಸ ಫ್ಲೆಕ್ಸ್ ತಯಾರಾಯಿತು. ಅದೇ ಮುಖ, ಅದೇ ಫ್ರೇಮು, ಅದೇ ಹಾರ. ಆದರೆ ಫ್ರೇಮಿನಿಂದ ಒಂದು ಕೈ ಹೊರಗೆ ಬಂದು ಮಿರ್ಚಿ ಹಿಡಿದಿದೆ. ಅಭಿಮಾನಿ ಬಳಗದವರನ್ನು ಬಿಡುವಂತಿರಲಿಲ್ಲ, ಅವರ ಮುಖ ಬರಲೇಬೇಕು. ಎಲ್ಲರನ್ನೂ ಕರೆಸಿ, ತಟ್ಟೆಯಲ್ಲಿದ್ದ ಮಿರ್ಚಿ ಕಳೆದುಕೊಂಡವರಂತೆ ಮೇಲೆ ನೋಡಲು ಹೇಳಿ ಮತ್ತೆ ಫೋಟೋ ತೆಗೆಸಿದೆವು. ಒಬ್ಬರು ನಕ್ಕುಬಿಟ್ಟರು, ಅವರನ್ನು ಗದರಿಸಿ ಇನ್ನೊಮ್ಮೆ ತೆಗೆದೆವು. ಕೆಳಗಿನಿಂದ ಇಪ್ಪತ್ತು ಜನ ಸಿಟ್ಟಿನಿಂದ ಆ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದರು. “ದೀಪ ತೆಗೀಲ್ರಿ ಮೇಡಂ?” ಎಂದು ರಾಜಾಸಾಬ್ ಸಣ್ಣ ದನಿಯಲ್ಲಿ ಕೇಳಿದ. “ದೀಪದ ಜಾಗದಾಗ ಚಿತ್ರಮಂದಿರದ ಹೆಸರು ಹಾಕು, ದಪ್ಪಗ,” ಎಂದೆ.

ಮಾರನೆಯ ಬೆಳಿಗ್ಗೆ ಕಂಪ್ಲಿ ಸರ್ಕಲ್ಲಿನಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಕಟ್ಟಿಸಿದೆವು. ಹಿಂದಿನ ದಿನ ಚಪ್ಪಲಿ ಬಿಟ್ಟು ಕೈ ಮುಗಿದಿದ್ದ ಮುದುಕರು ಮತ್ತೆ ಬಂದರು. ನಿಂತರು, ನೋಡಿದರು, ಚಪ್ಪಲಿ ಬಿಡಲು ಕಾಲೆತ್ತಿದವರು ಹಾಗೇ ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲಾ ಇವಳ! ಸತ್ರೂ ತಿಂತಾಳಲ್ಲೋ!” ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸಿದರು. ಅದೇ ಫ್ಲೆಕ್ಸ್ ಗುರುವಾರ ಹೊಸಪೇಟೆ, ಸಂಡೂರು, ಕುರೆಕುಪ್ಪಕ್ಕೂ ಹೋಯಿತು. ಶಿಫ್ಟ್ ಬಸ್ಸಿನ ಕಿಟಕಿಗಳಲ್ಲಿ ಕನ್ನಡ ಬಾರದವರೂ ಹಿಂತಿರುಗಿ ನೋಡಿದರು. ಹಂಪಿಯಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿಯ ಮುಂದೆ ವಿದೇಶಿಯರು ಅದರ ಪಕ್ಕ ಬಾಳೆಹಣ್ಣು ಹಿಡಿದು ಫೋಟೋ ತೆಗೆಸಿಕೊಂಡರಂತೆ. ಟ್ರೇಲರಿನಲ್ಲಿ ಕಣ್ಣು ತೆರೆಯುವುದು ಮೊದಲಿಗೆ ಬಂತು. ಕಿರಣ್ ಗೊಣಗಿದರೂ ಮಾಡಿದ.

ಶುಕ್ರವಾರ ಮೊದಲ ಆಟಕ್ಕೆ ಕಂಪ್ಲಿಯಿಂದ ಟೆಂಪೋಗಳು ಬಂದವು. ಸೀಟು ತುಂಬಿದ್ದನ್ನು ನೋಡಿ ಮ್ಯಾನೇಜರ್ ನನಗೊಂದು ಚಾ ತರಿಸಿಕೊಟ್ಟರು. ನಾನು ಯಾವಾಗಿನಂತೆ ಪರದೆಯ ಪಕ್ಕದ ಕತ್ತಲಲ್ಲಿ ಜನರ ಕಡೆ ಮುಖ ಮಾಡಿ ನಿಂತೆ. ಹುಲಿಗೆಮ್ಮನಿಗೆ ಬಾಲ್ಕನಿಯಲ್ಲಿ ಸೀಟು ಇಟ್ಟಿದ್ದರು. “ಅಲ್ಲಿ ಕುಂತು ನನ್ನ ಮುಖ ನಾನೇನ್ ನೋಡ್ಲಿ?” ಎಂದು ಬಂದು ನನ್ನ ಪಕ್ಕ ನಿಂತಳು.

ಹೋಳಿಗೆಯ ದೃಶ್ಯ ಬಂತು. ಪರದೆಯ ಬೆಳಕು ಜನರ ಮುಖದ ಮೇಲೆ ಬಿದ್ದಿತ್ತು. ಮುದುಕಿಯರು, ಮಕ್ಕಳು, ಪ್ಲಾಂಟಿನ ಹುಡುಗರು, ಮೂರನೆಯ ಸಾಲಿನಲ್ಲಿ ಆ ಮುದುಕರು, ಎಲ್ಲರೂ ಬಾಯಿ ತೆರೆದು, ಕಣ್ಣಲ್ಲಿ ನೀರು ತುಂಬಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹುಲಿಗೆಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಹಿಂಗ ಇರ್ತೈತೇನ ಪದ್ದಮ್ಮ?”

“ಏನು?”

“ಮಂದಿ ನಗೋದು. ನಾಟಕದಾಗ ಲೈಟು ಕಣ್ಣಿಗೇ ಹೊಡಿತಿತ್ತು. ಎದುರಿಗೆಲ್ಲ ಕಪ್ಪು. ನಲವತ್ತು ವರ್ಷ ಬರೀ ಕೇಳೀನಿ. ನೋಡಿದ್ದು ಇವತ್ತ.”

ಆಟ ಮುಗಿಯುವವರೆಗೂ ಅವಳು ಒಮ್ಮೆಯೂ ಪರದೆಯ ಕಡೆ ತಿರುಗಲಿಲ್ಲ. ನಾನಂತೂ ಅತ್ತುಬಿಟ್ಟೆ, ಹೇಳಲು ನಾಚಿಕೆಯೇನಿಲ್ಲ. ಆ ಭಾನುವಾರ ತೆಲುಗು ಚಿತ್ರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ.

ನಾನೀಗ ನಿವೃತ್ತಳು. ಈ ಕೆಲಸಕ್ಕೆ ಹೊಸದಾಗಿ ಬಂದವರು ಕಾಮಿಡಿ ಪೋಸ್ಟರ್ ಹೇಗಿರಬೇಕು ಎಂದು ಕೇಳಲು ಬರುತ್ತಾರೆ. ಬಣ್ಣ, ಅಕ್ಷರ, ಹೀರೋ ಮುಖದ ಅಳತೆ ಎಲ್ಲ ನೀವೇ ಕಲಿಯುತ್ತೀರಿ ಎನ್ನುತ್ತೇನೆ. ಜನ ನಗಲು ಸಿದ್ಧರಾಗಿಯೇ ಇರುತ್ತಾರೆ, ಆದರೆ ನಕ್ಕರೆ ತಪ್ಪಾದೀತೇನೋ ಎಂಬ ಅಳುಕು ಅವರಿಗಿರುತ್ತದೆ. ಇಲ್ಲಿ ನಗಬಹುದು ಎಂದು ಪೋಸ್ಟರ್ ಮೊದಲು ಅಪ್ಪಣೆ ಕೊಡಬೇಕು. ಅದಕ್ಕೆ ಕೆಲವೊಮ್ಮೆ ಒಂದು ಮಿರ್ಚಿ ಸಾಕು.

ಹುಲಿಗೆಮ್ಮ ಗಟ್ಟಿಮುಟ್ಟಾಗಿದ್ದಾಳೆ. ದೀಪವಿದ್ದ ಆ ಹಳೆಯ ಫ್ಲೆಕ್ಸನ್ನು ಹಿತ್ತಲಿನ ಎಮ್ಮೆಗೆ ನೆರಳಾಗಿ ಕಟ್ಟಿದ್ದಾಳೆ. ಹೋದ ಸಲ ಹೋಗಿದ್ದಾಗ ಅದರಡಿ ಕುಳಿತು ಚಾ ಕುಡಿಯುತ್ತ ನನಗೊಂದು ಮಾತು ಹೇಳಿದಳು.

“ನಾ ಖರೇನ ಹೋದಾಗ ಸರ್ಕಲ್‌ನಾಗ ಆ ಮಿರ್ಚಿದ ಕಟ್ಟಸ್ಬೇಕು ನೋಡು. ಇದನ್ನ ಬ್ಯಾಡ. ಮಂದಿಗೆ ನಗಾಕ ಬಿಡು.”

“ಬಿಡ್ತು ಅನ್ನು,” ಎಂದು ಬೈದೆ. ಆದರೆ ಮನೆಗೆ ಬಂದವಳೇ ರಾಜಾಸಾಬನಿಗೆ ಫೋನ್ ಮಾಡಿ ಆ ಫೈಲು ಇದೆಯೇ ಎಂದು ಕೇಳಿದೆ. ಇದೆಯಂತೆ, ಜೋಪಾನವಾಗಿದೆಯಂತೆ. ಅದು ಹಾಗೇ ಅಲ್ಲೇ ಇರಲಿ, ಬಹಳ ವರ್ಷ.