ಕೊರಿಯಾದ ಆಕಾಶರಾಮ

ಶಾಂಭವಿಗೆ ಕೂತು ಕೆಲಸ ಮಾಡಿ ಗೊತ್ತಿಲ್ಲ. ಕೊಪ್ಪದ ನಮ್ಮ ಹಾಳೆತಟ್ಟೆ ಘಟಕದಲ್ಲಿ ಮೂರು ಮಿಷನ್ನುಗಳಿವೆ, ಮೂರಕ್ಕೂ ಒಂದೊಂದು ಸ್ಟೂಲು ಇದೆ. ಅವಳ ಸ್ಟೂಲಿನ ಮೇಲೆ ಅವಳ ಕೈಚೀಲ ಕೂತಿರುತ್ತದೆ. ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನ ಮೇಲೆ ಹಾಸಿ, ಮೇಲಿನ ಅಚ್ಚು ಇಳಿಸಿದರೆ ತಟ್ಟೆಯಾಗಲು ಒಂದು ನಿಮಿಷ ಬೇಕು. ಆ ಒಂದು ನಿಮಿಷದಲ್ಲಿ ಅವಳು ಕಿಟಕಿಯ ತನಕ ಹೋಗಿ ಬಂದಿರುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಾವು ತಮಾಷೆ ಮಾಡುತ್ತೇವೆ. ವಯಸ್ಸು ನಲವತ್ತೊಂಬತ್ತು. ಮದುವೆಯಾಗಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಗಂಡಸರ ಜೊತೆ ಮಾತೆಂದರೆ ಲೆಕ್ಕ ಹಾಕಿದ ಹಾಗೆ. ಘಟಕದ ಯಜಮಾನ ಕಾಂತೇಶ್ ಏನಾದರೂ ಕೇಳಿದರೆ ಅವನಿಗೆ ಉತ್ತರ ಸಿಗುತ್ತದೆ, ಮುಖ ಸಿಗುವುದಿಲ್ಲ. ಬಿಗುಮಾನದ ಹೆಂಗಸು ಎಂದು ಊರು ಹೇಳುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ತುಂಗಾ. ಅವಳ ಪಕ್ಕದ ಮಿಷನ್ನು ನನ್ನದು. ಜಯಪುರದಲ್ಲಿ ನಮ್ಮ ತವರುಮನೆಯಿಂದ ಮೂರನೆಯದು ಅವರ ಮನೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ತುಂಗಾಳಂಥ ಗೆಳತಿ ಯಾರಿಗೂ ಸಿಗುವುದಿಲ್ಲ ಎಂದು ಅವಳು ನಾಲ್ಕು ಜನರ ಮುಂದೆ ಹೇಳುತ್ತಾಳೆ. ಅವಳು ಹಾಗೆ ಹೇಳಿದಾಗಲೆಲ್ಲ ನನಗೆ ನೀರು ಕುಡಿಯಲು ಹೋಗಬೇಕಾಗುತ್ತದೆ.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷಗಳ ಹಿಂದೆ ನೆಮ್ಮಾರಿನ ಗಂಗಾಧರ್ ಎಂಬ ಹುಡುಗ ನನ್ನನ್ನು ನೋಡಲು ಬಂದ. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಜಾತಕ ನೋಡಿ ತಿಳಿಸುತ್ತೇವೆ ಎಂದು ಎದ್ದು ಹೋದರು, ತಿಳಿಸಲೇ ಇಲ್ಲ. ಮೂರು ವಾರದ ನಂತರ ಅದೇ ಹುಡುಗ, ಅದೇ ಇಸ್ತ್ರಿ ಶರಟು, ನಮ್ಮ ಗೇಟಿನ ಮುಂದೆಯೇ ಹಾದು ಶಾಂಭವಿಯ ಮನೆಗೆ ಹೋದ. ಕಾಫಿ ಲೋಟ ಕೆಳಗಿಡುವುದರೊಳಗೆ ಒಪ್ಪಿಗೆಯಂತೆ. ಅದನ್ನು ಶಾಂಭವಿಯೇ ಓಡಿ ಬಂದು ನನಗೆ ಹೇಳಿದಳು. ಅವಳ ಮುಖದಲ್ಲಿ ಅಂಥ ಸಂತೋಷವೇನೂ ಇರಲಿಲ್ಲ ಎಂಬುದನ್ನು ನಾನು ನೋಡಲಿಲ್ಲ. ನನಗೆ ನನ್ನ ಹೊಟ್ಟೆಕಿಚ್ಚೇ ಕಣ್ಣಿಗೆ ಕವಿದಿತ್ತು.

ನಾನೊಂದು ಇನ್‌ಲ್ಯಾಂಡ್ ಲೆಟರ್ ತಂದೆ. ಅಕ್ಷರ ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆದೆ. ಜಯಪುರದ ಅಂಚೆ ಮುದ್ರೆ ಬೀಳಬಾರದೆಂದು ನರಸಿಂಹರಾಜಪುರದ ಚಿಕ್ಕಮ್ಮನ ಮನೆಗೆ ಹೋಗುವ ನೆಪ ಮಾಡಿ ಅಲ್ಲಿ ಪೋಸ್ಟ್ ಮಾಡಿದೆ. ಬರೆದದ್ದು ಹುಡುಗನ ತಂದೆಗೆ. ಹೆಸರಿಲ್ಲದ ಇಂಥ ಕಾಗದಕ್ಕೆ ನಮ್ಮಲ್ಲಿ ಆಕಾಶರಾಮನ ಕಾಗದ ಎನ್ನುತ್ತಾರೆ. ಬರೆದವನಿಗೆ ಮನೆಯಿಲ್ಲ, ವಿಳಾಸವಿಲ್ಲ. ಓದಿದವರೆಲ್ಲ ಅವನಿಗೆ ಬೈಯುತ್ತಾರೆ, ಬೈದು ಮುಗಿಸಿದ ಮೇಲೆ ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದೂ ಕೇಳುತ್ತಾರೆ. ನೆಮ್ಮಾರಿನವರೂ ಹಾಗೇ ಕೇಳಿಕೊಂಡಿರಬೇಕು. ಸಂಬಂಧ ಮುರಿಯಿತು. ಕಾಗದವನ್ನು ಶಾಂಭವಿಯ ಅಪ್ಪನ ಕೈಗೆ ಕೊಟ್ಟು ಹೋದರು. ಅವರು ಓದಿ, ಬಚ್ಚಲ ಒಲೆಗೆ ಹಾಕಿದರು. ಅದರಲ್ಲಿ ಏನಿತ್ತೆಂದು ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಮರುವರ್ಷ ನನಗೆ ಕೊಪ್ಪದ ಅಂಗಡಿಯವರ ಜೊತೆ ಮದುವೆಯಾಯಿತು. ಶಾಂಭವಿಗೆ ಆಗಲಿಲ್ಲ. ಅವಳಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕೂತವಳು ನಾನು. ಬಾಡಿಗೆ ಮನೆ ಹುಡುಕಿ ಕೊಟ್ಟವಳು ನಾನು. ಮಾಡಿದ ಪಾಪ ತೊಳೆಯುತ್ತದೆ ಎಂದುಕೊಂಡಿದ್ದೆ. ತೊಳೆಯಲಿಲ್ಲ, ನನ್ನ ಹೆಸರು ಮಾತ್ರ ಬೆಳ್ಳಗಾಯಿತು.

ಇಷ್ಟು ವರ್ಷ ಹೇಗೋ ನಡೆದಿತ್ತು. ಕಳೆದ ಜುಲೈಯಲ್ಲಿ ಕೃತಿಕಾ ಒಂದು ಕೊರಿಯಾ ಧಾರಾವಾಹಿಯನ್ನು ಶಾಂಭವಿಯ ಫೋನಿಗೆ ತಂದು ಹಾಕಿದಳು. ಕೃತಿಕಾ ನಮ್ಮ ಘಟಕದ ಪ್ಯಾಕಿಂಗಿನ ಹುಡುಗಿ, ಬಾಳೆಹೊನ್ನೂರಿನಿಂದ ಬರುತ್ತಾಳೆ, ಫೋನಿನಲ್ಲೇ ಉಸಿರಾಡುತ್ತಾಳೆ. ಹದಿನಾರು ಕಂತು, ಕೊರಿಯಾ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ಅದನ್ನು ಓಡುತ್ತಿರುವಾಗಲೇ ಓದಬಲ್ಲವಳು ಶಾಂಭವಿ ಒಬ್ಬಳೇ. ಹುಡುಗಿಯಾಗಿದ್ದಾಗ ಕೊಪ್ಪಕ್ಕೆ ಹೋಗಿ ಇಂಗ್ಲಿಷ್ ಟೈಪಿಂಗ್ ಕಲಿತಿದ್ದಳು, ಪರೀಕ್ಷೆಗೆ ಮೊದಲೇ ಬಿಟ್ಟಳು. ಘಟಕಕ್ಕೆ ರಜೆಯಿರುವ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಅಡಿಗೆ ಮಾಡುತ್ತ ಒಂದು ಕಂತು ನೋಡುವುದು, ಘಟಕಕ್ಕೆ ಬಂದು ಅದನ್ನು ನಮಗೆ ಕನ್ನಡದಲ್ಲಿ ಹೇಳುವುದು. ಅವಳು ಹೇಳುವುದೆಂದರೆ ನಿಂತು, ಓಡಾಡಿ, ಕೈಯಲ್ಲಿದ್ದ ಹಾಳೆಯನ್ನೇ ಕೊಡೆ ಮಾಡಿಕೊಂಡು. ಕಾಂತೇಶನೂ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದ.

ಕಥೆ ಇಷ್ಟು. ಒಬ್ಬ ಹುಡುಗಿ, ಅವಳಿಗೊಬ್ಬ ಹುಡುಗ. ಅವನ ಹೆಸರು ನಮ್ಮ ಕಿವಿಗೆ ಸಿ-ರಾಮ್ ಎಂದು ಏನೋ ಕೇಳಿದ್ದರಿಂದ ಸೀತಾರಾಮ ಎಂದೇ ಆಯಿತು. ಮದುವೆಗೆ ನಾಲ್ಕು ದಿನ ಇರುವಾಗ ಸೀತಾರಾಮನ ಮನೆಗೆ ಹೆಸರಿಲ್ಲದ ಒಂದು ಲಕೋಟೆ ಬರುತ್ತದೆ. ಮದುವೆ ನಿಲ್ಲುತ್ತದೆ, ಸೀತಾರಾಮ ದೇಶ ಬಿಟ್ಟು ಹೋಗುತ್ತಾನೆ. ಹತ್ತು ವರ್ಷದ ಮೇಲೆ ಹುಡುಗಿ ಹೆಸರು ಬದಲಿಸಿಕೊಂಡು, ದೊಡ್ಡ ಹೋಟೆಲಿನ ಒಡತಿಯಾಗಿ ಅದೇ ಊರಿಗೆ ಬರುತ್ತಾಳೆ. ಲಕೋಟೆ ಕಳಿಸಿದವರನ್ನು ಹುಡುಕಿ ಸೇಡು ತೀರಿಸಿಕೊಳ್ಳಬೇಕು. ಒಂದೊಂದು ಕಂತಿಗೆ ಒಬ್ಬೊಬ್ಬರ ಮೇಲೆ ಅನುಮಾನ.

ಮೊದಲನೇ ದಿನ ಶಾಂಭವಿ ಲಕೋಟೆಯ ತನಕ ಹೇಳಿದಳು. ಆಮೇಲೆ, ಕಳಿಸಿದವನಿಗೆ ನಾವು ಆಕಾಶರಾಮ ಎಂದೇ ಕರೆಯೋಣ ಎಂದಳು. ಎಲ್ಲರೂ ನಕ್ಕರು. ನನ್ನ ಮಿಷನ್ನಿನಿಂದ ಸುಟ್ಟ ವಾಸನೆ ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹದಿನಾಲ್ಕು ದಿನ ಹೆಗಲು ಮುಟ್ಟಿ ನೋಡಿಕೊಂಡೆ. ದಿನಕ್ಕೆ ಹತ್ತು ತಟ್ಟೆ ಕಪ್ಪು ಮಾಡಿದೆ. ಬೆರಳು ಎರಡು ಸಲ ಅಚ್ಚಿಗೆ ತಗುಲಿತು. ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿ, ನಮ್ಮವರ ಕೈಯಲ್ಲಿ ಬೈಸಿಕೊಂಡೆ. ಬೆಳಿಗ್ಗೆ ಎದ್ದ ಕೂಡಲೆ ಘಟಕಕ್ಕೆ ಓಡಬೇಕೆನಿಸುತ್ತಿತ್ತು, ಅಲ್ಲಿಗೆ ಹೋದರೆ ಮನೆಗೆ ಓಡಬೇಕೆನಿಸುತ್ತಿತ್ತು. ಸಿಕ್ಕಿದನೇನೇ ಆಕಾಶರಾಮ ಎಂದು ದಿನಾ ಮೊದಲು ಕೇಳುವವಳು ನಾನೇ. ನಿನಗೆಂತಕ್ಕೆ ಇಷ್ಟು ಅವಸರ ಎಂದು ಶಾಂಭವಿ ನಗುತ್ತಿದ್ದಳು. ಹತ್ತನೇ ಕಂತಿನ ದಿನ ಮಾತ್ರ ನಗಲಿಲ್ಲ. ಅಚ್ಚು ಎತ್ತುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು:

"ಆಕಾಶರಾಮ ಹೊರಗಿನವ ಅಲ್ಲ ಮಾರಾಯ್ತಿ. ಕಾಗ್ದ ಬರೀಲಿಕ್ಕೆ ಮನೆ ಒಳಗೆ ಬಂದು ಹೋದವ್ರೇ ಆಗ್ಬೇಕು."

ಕೊರಿಯಾದ ಮಾತಾಡಿದಳೋ ಜಯಪುರದ ಮಾತಾಡಿದಳೋ ನನಗೆ ತಿಳಿಯಲಿಲ್ಲ. ಅಂದು ಮಧ್ಯಾಹ್ನ ನನ್ನ ಡಬ್ಬಿ ಬಿಚ್ಚಲೇ ಇಲ್ಲ.

ಹದಿನಾಲ್ಕನೇ ಕಂತನ್ನು ಶನಿವಾರ ಹೇಳಿದಳು. ಹುಡುಗಿಯ ಕೈಗೆ ಲಕೋಟೆಯ ಮೇಲಿನ ಅಕ್ಷರ ಸಿಕ್ಕಿದೆ, ಇನ್ನು ಹೋಲಿಸಿ ನೋಡುವುದೊಂದೇ ಬಾಕಿ. ನನಗೆ ತಡೆಯಲಾಗಲಿಲ್ಲ. ಕೃತಿಕಾಳನ್ನು ಕಾಡಿ ನನ್ನ ಫೋನಿಗೂ ಹಾಕಿಸಿಕೊಂಡೆ. ಭಾನುವಾರ ಬೆಳಿಗ್ಗೆ ನಮ್ಮವರು ಅಂಗಡಿಗೆ ಹೋದದ್ದೇ, ಅಡಿಗೆಮನೆಯ ಬಾಗಿಲು ಹಾಕಿಕೊಂಡು ಹದಿನೈದನೆಯದನ್ನು ನೋಡಿದೆ. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದ್ದು. ಒಂದು ಪದ ಕೂಡಿಸಿ ಓದುವಷ್ಟರಲ್ಲಿ ಮೂರು ಸಾಲು ಓಡಿಹೋಗಿರುತ್ತಿತ್ತು. ಆದರೆ ಮುಖಗಳಿಗೆ ಭಾಷೆ ಬೇಡ. ಆಕಾಶರಾಮ ಹುಡುಗಿಯ ಗೆಳತಿಯೇ. ಶುರುವಿನಿಂದ ಜೊತೆಗಿದ್ದು, ಕಣ್ಣೀರು ಒರೆಸಿದ ಗೆಳತಿ. ಒಂದು ಸೇತುವೆಯ ಮೇಲೆ ಹುಡುಗಿ ಅವಳ ಕೆನ್ನೆಗೆ ಹೊಡೆದಳು. ಒಂದಲ್ಲ, ಮೂರು ಸಲ. ಗೆಳತಿ ಮೊಣಕಾಲೂರಿದಳು. ಆಮೇಲೆ ಹುಡುಗಿ ತುಂಬ ಹೊತ್ತು ಏನೋ ಹೇಳಿದಳು. ಕ್ಷಮಿಸಿದಳೋ ಶಾಪ ಹಾಕಿದಳೋ ನನಗೆ ಓದಲು ಆಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇದನ್ನೇ ಶಾಂಭವಿ ನೋಡುತ್ತಾಳೆ. ನೋಡಿದ ಮೇಲೆ ಅವಳಿಗೆ ಹೊಳೆಯದೆ ಇರುತ್ತದೆಯೇ? ಕೊರಿಯಾದವಳು ಹೇಳುವ ಮೊದಲು ನಾನೇ ಹೇಳಿಬಿಡಬೇಕು ಎನ್ನಿಸಿತು. ಇದು ಒಳ್ಳೆಯತನವಲ್ಲ, ಹೆದರಿಕೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಶಾಂಭವಿ ಮೆಟ್ಟಿಲ ಮೇಲೆ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಕಾಫಿ ಮಾಡುತ್ತಾಳೆ, ಕಾಫಿ ಕುಡಿದರೆ ಬಾಯಿ ಬರುವುದಿಲ್ಲ. ನೆಮ್ಮಾರಿಗೆ ಕಾಗದ ಬರೆದದ್ದು ನಾನು ಎಂದು ನಿಂತಲ್ಲೇ ಹೇಳಿದೆ. ಎಡಗೈ, ಚಿಕ್ಕಮ್ಮನ ಮನೆ, ಕೇಸರಿಬಾತು, ಎಲ್ಲ ಹೇಳಿದೆ. ನಿನ್ನ ಮದುವೆ ಮುರಿದವಳು ನಾನು, ಹೊಡೆಯುವುದಾದರೆ ಹೊಡೆ ಎಂದೆ.

ಅವಳು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಎದ್ದು ಓಡಾಡುತ್ತಾಳೆ ಎಂದುಕೊಂಡೆ. ಏಳಲಿಲ್ಲ. ನಾನು ಕಂಡ ಹಾಗೆ ಅವಳು ಅಷ್ಟು ಹೊತ್ತು ಅಲುಗದೆ ಕೂತದ್ದು ಅದೇ ಮೊದಲು.

"ಕಾಗ್ದದಲ್ಲಿ ಎಂತ ಬರ್ದಿದ್ದೆ?" ಎಂದು ಕೇಳಿದಳು.

ನನಗೆ ಅಕ್ಷರ ಅಕ್ಷರ ನೆನಪಿತ್ತು. ಇದ್ದದ್ದೇ ಮೂರು ಸಾಲು. ಹುಡುಗಿಗೆ ಮೂರ್ಛೆರೋಗವಿದೆ. ಮನೆಯವರು ಮುಚ್ಚಿಟ್ಟಿದ್ದಾರೆ. ವಿಚಾರಿಸಿ ಮುಂದುವರಿಯುವುದು, ಇಂತಿ ನಿಮ್ಮ ಹಿತೈಷಿ. ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ.

"ಮತ್ತೆ?"

"ಅಷ್ಟೇ."

"ಯಶವಂತ್ರ ವಿಷ್ಯ?"

"ಯಾವ ಯಶವಂತ?" ಎಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವಳು ನನ್ನ ಮುಖವನ್ನು ನೋಡಿದಳು, ನಾನು ಇನ್ನೇನಾದರೂ ಮುಚ್ಚಿಡುತ್ತಿದ್ದೇನೆಯೇ ಎಂದು ಹುಡುಕುವವಳ ಹಾಗೆ. ಆಮೇಲೆ ಹೇಳಿದಳು. ಯಶವಂತ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟರು. ಅವಳು ಬರುವ ಹೊತ್ತಿಗೆ ಒಳ್ಳೆಯ ಮಿಷನ್ನನ್ನು ಬೇರೆಯವರಿಗೆ ಕೊಡದೆ ಇಟ್ಟುಕೊಂಡಿರುತ್ತಿದ್ದರು. ಅದಕ್ಕಿಂತ ಹೆಚ್ಚು ಏನೂ ಇರಲಿಲ್ಲ, ಮಾತು ಕೂಡ ಪಾಠದ್ದೇ. ಆದರೂ ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಹೇಳುವ ಧೈರ್ಯವಿಲ್ಲದೆ ಅವಳು ನೆಮ್ಮಾರಿನ ಸಂಬಂಧಕ್ಕೆ ತಲೆಯಾಡಿಸಿದಳು. ಕಾಗದ ಬಂದ ದಿನ ಅಪ್ಪ ಹೇಳಿದ್ದು ಎರಡೇ ಮಾತು: ಜನರ ಬಾಯಿಗೆ ಬೀಳಬೇಡ, ನಾಳೆಯಿಂದ ಟೈಪಿಂಗಿಗೆ ಹೋಗುವುದು ಬೇಡ. ಮಗಳ ಆರೋಗ್ಯದ ಮೇಲೆ ಮಾತು ಬಂದಿದೆ, ಒಬ್ಬಳೇ ಬಸ್ಸಿನಲ್ಲಿ ಓಡಾಡಿ ಜನರ ಕಣ್ಣಿಗೆ ಬೀಳುವುದು ಬೇಡ ಎಂದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ಇವಳು ಕೇಳಿದ್ದು ಬೇರೆ. ಕಾಗದದಲ್ಲಿ ಯಶವಂತರ ಹೆಸರು ಇತ್ತೆಂದೇ ಇವಳು ನಂಬಿದಳು.

"ಆಮೇಲೆ ಅವ್ರೇ ಮನೆಗೆ ಬಂದು ಕೇಳಿದ್ರು. ಅಪ್ಪ ಹೋದ್ಮೇಲೆ ಇನ್ನೊಂದ್ಸಲ ಬಂದ್ರು," ಎಂದಳು. "ಹೂಂ ಅಂದಿದ್ರೆ ಕಾಗ್ದ ನಿಜ ಆಗ್ತಿತ್ತಲ್ಲೇ ತುಂಗಾ. ಅಪ್ಪಂಗೆ ಅವಮಾನ. ಅದ್ಕೇ ಬೇಡ ಅಂದೆ."

ಈಗ ಅವರು ನರಸಿಂಹರಾಜಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರಂತೆ. ಹೆಂಡತಿ, ಇಬ್ಬರು ಮಕ್ಕಳು.

"ಮೂರ್ಛೆರೋಗ," ಎಂದು ಅವಳು ಒಂದು ಸಲ ಹೇಳಿ ನೋಡಿದಳು, ಹೊಸ ಪದ ಕಲಿತವಳ ಹಾಗೆ. "ನಂಗೆ ಇವತ್ತಿನ ತನಕ ತಲೆ ತಿರುಗಿದ್ದೂ ಇಲ್ಲ."

ನಾನು ಹೋದದ್ದು ಗಂಗಾಧರನ ವಿಷಯಕ್ಕೆ ಕ್ಷಮೆ ಕೇಳಲು. ಆ ಮದುವೆ ಅವಳಿಗೇ ಬೇಡವಾಗಿತ್ತು. ನನ್ನ ಕಾಗದ ಅವಳಿಂದ ಕಿತ್ತುಕೊಂಡದ್ದು ಯಶವಂತರನ್ನು. ತಪ್ಪಾಯಿತು ಎಂದೆ, ಕಾಲು ತುಳಿದಾಗ ಹೇಳುವ ಅದೇ ಮಾತು. ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು ಮನೆಗೆ ಬಂದೆ.

ಸೋಮವಾರ ಘಟಕಕ್ಕೆ ಹೋಗುವುದು ಬೇಡವೆಂದು ಮೂರು ಸಲ ತೀರ್ಮಾನಿಸಿ, ಮೂರು ಸಲ ಸೀರೆ ಉಟ್ಟೆ. ಹೋದೆ. ಶಾಂಭವಿ ಮೊದಲೇ ಬಂದಿದ್ದಳು. ಮಿಷನ್ನು ಕಾಯುವಷ್ಟರಲ್ಲಿ ಕೃತಿಕಾ ಶುರುಮಾಡಿದಳು, ಹದಿನೈದರಲ್ಲಿ ಏನಾಯಿತು ಹೇಳಿ, ನಿಮ್ಮ ಬಾಯಲ್ಲಿ ಕೇಳಬೇಕೆಂದು ನಾನೂ ಮುಂದೆ ನೋಡಿಲ್ಲ ಎಂದಳು.  ಇವತ್ತು ಇವರೆಲ್ಲರ ಮುಂದೆ ನನ್ನ ಹೆಸರು ಬರುತ್ತದೆ, ಸಂಜೆಯೊಳಗೆ ನಮ್ಮವರ ಅಂಗಡಿಗೆ ಹೋಗುತ್ತದೆ ಎಂದು ಕಾದೆ.

"ಆಕಾಶರಾಮ ಸಿಕ್ದ," ಎಂದಳು ಶಾಂಭವಿ. "ಅವ್ಳ ಫ್ರೆಂಡೇ."

ತನಗೆ ಮೊದಲೇ ಅನುಮಾನ ಇತ್ತು ಎಂದು ಕೃತಿಕಾ ಕುಣಿದಳು. ಹುಡುಗಿ ಸೇಡು ತೀರಿಸಿಕೊಂಡಳಾ, ಏನು ಮಾಡಿದಳು ಎಂದು ಕೇಳಿದಳು. ಬಾಗಿಲ ಹೊರಗೆ ಕಾಂತೇಶನೂ ಕಿವಿಗೊಟ್ಟು ನಿಂತಿದ್ದ.

ಶಾಂಭವಿ ಅಚ್ಚು ಇಳಿಸಿದಳು. ಕಿಟಕಿಗೆ ಹೋಗಲಿಲ್ಲ.

"ಎಂತ ಮಾಡ್ಲಿಲ್ಲ," ಎಂದಳು. "ಎಂತ ಮಾಡಿದ್ರೂ ಸಾಲ್ತಿರ್ಲಿಲ್ಲ."

ಇದೆಂಥ ಕಥೆ ಎಂದು ಕೃತಿಕಾ ಬೇಜಾರು ಮಾಡಿಕೊಂಡಳು. ಸೇತುವೆಯ ಮೇಲೆ ಆ ಹುಡುಗಿ ಗೆಳತಿಯ ಕೆನ್ನೆಗೆ ಮೂರು ಸಲ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದರಲ್ಲಿ ಒಂದು ಏಟಾದರೂ ನನಗೆ ಬಿದ್ದಿದ್ದರೆ ಸಾಕಿತ್ತು.