ಹಿಂದಿನ ಸಾಲಿನ ಗಾಳಿ

ನಾನು ಓದಿದ್ದು ಮೂರನೆಯ ಕ್ಲಾಸು. ಆದರೆ ಗಾಳಿಯ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಎಷ್ಟೋ ವರ್ಷ ಬಟ್ಟೆ ಒಣಗಿಸಿದವಳು.

ಅಲ್ಲಿ ಐದು ಸಾಲು ಹಗ್ಗ. ಗಾಳಿ ಸಮುದ್ರದ ಕಡೆಯಿಂದ. ಮೊದಲು ಒಗೆದವರಿಗೆ ಮೊದಲ ಹಗ್ಗ. ಆಮೇಲೆ ಬಂದವರು ಗೊಣಗುತ್ತ ಎರಡನೆಯದಕ್ಕೆ ಹಾಕುತ್ತಿದ್ದರು. ನಾನು ಎರಡನೆಯದನ್ನು ಮುಟ್ಟುತ್ತಿರಲಿಲ್ಲ. ಮುಂದಿನ ಸೀರೆ ಗಾಳಿಯನ್ನು ತಿಂದುಬಿಟ್ಟಿರುತ್ತದೆ. ಅದರ ಬೆನ್ನಿಗಿರುವ ಸೀರೆ ಉಬ್ಬುವುದಿಲ್ಲ, ಅತ್ತಿತ್ತ ಒದ್ದಾಡಿ ಹಗ್ಗಕ್ಕೇ ಸುತ್ತಿಕೊಳ್ಳುತ್ತದೆ. ನಡುವೆ ಖಾಲಿ ಬಿಟ್ಟು ಐದನೆಯದಕ್ಕೆ ಹಾಕಿ ನೋಡಿ, ಬೇಗ ಒಣಗುತ್ತದೆ. ಸೀರೆಗಳ ತಲೆಯ ಮೇಲಿಂದ ಹಾದ ಗಾಳಿ ಹೊರಳುತ್ತ ಅಲ್ಲಿಗೆ ಇಳಿದಿರುತ್ತದೆ.

ಮೊಮ್ಮಗಳು ಆಗ ಏಳನೆಯ ಕ್ಲಾಸು. ಗುಜರಾತಿನ ಕಡಲತೀರದಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳ ಚಿತ್ರ ಪೇಪರಿನಲ್ಲಿ ಬಂದಿತ್ತು. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಮಾಡುತ್ತೇನೆಂದು ಹಟ ಹಿಡಿದಳು. ಎಣ್ಣೆ ಡಬ್ಬದ ತಗಡು ಕತ್ತರಿಸಿ ರೆಕ್ಕೆ, ಒಂದೊಂದಕ್ಕೂ ಮರದ ತುಂಡಿನ ಪಾದ, ಮೂರು ಸಾಲು, ಎದುರಿಗೆ ಟೇಬಲ್ ಫ್ಯಾನು. ಮುಂದಿನ ಸಾಲು ಗರಗರ ತಿರುಗಿತು. ಎರಡನೆಯದು ಒಲ್ಲದ ಮನಸ್ಸಿನಿಂದ ಅಲ್ಲಾಡಿತು. ಮೂರನೆಯದು ನಿಂತೇ ಇತ್ತು. ಹಾಗೇ ಟೀಚರಿಗೆ ತೋರಿಸಲು ಒಯ್ದಳು.

ಸಂಜೆ ಬ್ಯಾಗು ಕೂಡ ಇಳಿಸದೆ ಅಳುತ್ತ ನಿಂತಳು.

"ಅಜ್ಜಿ, ನಂದು ಕ್ಯಾನ್ಸಲ್. ಹಿಂದಿನದು ಸಬ್ ಖರಾಬ್ ಇದೆ, ಒಂದೇ ಸಾಲು ಇಡು, ಇಲ್ಲಾಂದ್ರೆ ಟೇಬಲ್ ಜ್ವಾಲಾಮುಖಿ ಮಾಡಿದವರಿಗೆ ಕೊಡ್ತೀನಿ ಅಂತ ಟೀಚರ್ ಹೇಳಿದ್ರು."

"ಯಾವುದೂ ಕೆಟ್ಟಿಲ್ಲ ಕಣೇ. ಹಿಂದಿನದನ್ನ ತಂದು ಮುಂದೆ ಇಡು, ನೋಡೋಣ."

ಇಟ್ಟಳು. ಕೆಟ್ಟಿದೆ ಎನಿಸಿಕೊಂಡವೆಲ್ಲ ತಿರುಗಿದವು, ಹಿಂದಕ್ಕೆ ಹೋದವು ನಿಂತವು. ಕಿಟಕಿ ಮುಚ್ಚಿ ಊದುಬತ್ತಿ ಹಚ್ಚಿದೆ. ಹೊಗೆ ಫ್ಯಾನಿನಿಂದ ಮೊದಲ ಸಾಲಿನವರೆಗೆ ನೆಟ್ಟಗೆ ಬಂತು. ರೆಕ್ಕೆ ದಾಟಿದ್ದೇ ತಡ, ಚೂರಾಗಿ ಸುಳಿಸುಳಿಯಾಯಿತು. ಮೇಲಿಂದ ಹೋದ ಹೊಗೆಯೂ ನಡುಗುತ್ತ ಸಾಗಿ ದೂರದಲ್ಲಿ, ಮಂಚದ ಹತ್ತಿರ, ಕೆಳಗಿಳಿಯಿತು. ಮೂರನೆಯ ಸಾಲನ್ನು ಅಲ್ಲಿಗೆ ಸರಿಸಿದೆವು. ತಿರುಗಿತು. ಅವಳು ಕುಣಿದಳು, ನಾನೂ ಕುಣಿದೆ. ಮಂಡಿ ನೋವು ನೆನಪಾದದ್ದು ಆಮೇಲೆ.

ಮಗ ಆಫೀಸಿನಿಂದ ಬಂದವನು, ಮೂರೂ ಸಾಲು ಇಡುತ್ತೇವೆಂದು ಕೇಳಿ ಹೆದರಿದ. "ಅಮ್ಮ, ಟೀಚರ್ ಹತ್ರ ವಾದ ಬೇಡ. ಒಂದೇ ಸಾಲು ಇಟ್ರೆ ಏನಾಗತ್ತೆ?"

"ಗಿರಗಿಟ್ಲೆ ಆಗತ್ತೆ. ಚೌಪಾಟೀಲಿ ಮಾರ್ತಾರಲ್ಲ, ಅದು."

ಪ್ರದರ್ಶನದ ಬೆಳಿಗ್ಗೆ ಮೊಮ್ಮಗಳ ಜೊತೆ ನಾನೂ ಹೋದೆ. ಎರಡು ಟೇಬಲು ಜೋಡಿಸಿ ಮೂರೂ ಸಾಲು ಇಟ್ಟೆವು. ಟೀಚರು ಎರಡನೆಯ ಸಾಲಿನತ್ತ ಬೆರಳು ತೋರಿಸಿ, "ಆಜೀ, ಇದು ಇನ್ನೂ ಬಂದ್ ಇದೆಯಲ್ಲ" ಎಂದು ಹಿಂದಿಯಲ್ಲಿ ಹೇಳಿದರು.

"ಬಂದ್ ಇರಬೇಕು ಟೀಚರ್. ತೋರಿಸೋದೇ ಅದನ್ನ" ಎಂದೆ ನನ್ನ ಹರಕು ಹಿಂದಿಯಲ್ಲಿ. "ಇದನ್ನ ತೆಗೆಯೋದಾದ್ರೆ ಎಲ್ಲಾ ತೆಗೀರಿ."

ಮೊಮ್ಮಗಳು ಊದುಬತ್ತಿ ಹಚ್ಚಿ ಹಿಡಿದಳು. ಟೀಚರು ಬಗ್ಗಿ ಹೊಗೆ ನೋಡಿದರು. ಆಮೇಲೆ ನಿಂತಿದ್ದ ಒಂದು ಯಂತ್ರವನ್ನು ತಾವೇ ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಔರ್ ಪೀಛೆ," ಎಂದೆ.

ಇನ್ನಷ್ಟು ತಳ್ಳಿದರು. ರೆಕ್ಕೆ ಒಮ್ಮೆ ತಡವರಿಸಿ, ತಿರುಗಿತು. ಟೀಚರು ಅದನ್ನು ಮತ್ತೆ ಮೊದಲಿದ್ದ ಜಾಗಕ್ಕೇ ತಂದಿಟ್ಟು, ಜ್ವಾಲಾಮುಖಿಯವರಿಗೆ ಬೇರೆ ಟೇಬಲ್ ತರುವಂತೆ ಪ್ಯೂನನಿಗೆ ಹೇಳಿದರು.

ನಾನು ಮಧ್ಯಾಹ್ನದವರೆಗೂ ಅಲ್ಲಿಂದ ಕದಲಲಿಲ್ಲ. ಯಾರು ಬಂದು ಕೇಳಿದರೂ ಮೊಮ್ಮಗಳು ಮೊದಲು ತೋರಿಸುತ್ತಿದ್ದದ್ದು ತಿರುಗದೆ ನಿಂತವುಗಳನ್ನೇ.