ತಾಲೀಮಿನ ಅಧ್ಯಕ್ಷ

ಆ ಪ್ರಶ್ನೆಯನ್ನು ನಾನು ಕೇಳಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿದ ಹಾಗೆ ನೆನಪಿದೆ. ಆದರೆ ಆ ನೆನಪಿನಲ್ಲಿ ನನಗೆ ನನ್ನದೇ ಮುಖ ಕಾಣುತ್ತದೆ, ಮೇಜಿನ ಆಚೆ ಕಡೆಯಿಂದ. ತನ್ನ ಮುಖವನ್ನು ಎದುರಿನಿಂದ ನೋಡುವ ನೆನಪನ್ನು ಎಷ್ಟು ನಂಬಬೇಕು?

ಕ್ರೋಯ್ಡನ್ನಿನಲ್ಲಿ ಟ್ರಾಮ್ ಹೊಸದಾಗಿ ಓಡತೊಡಗಿದ್ದ ಕಾಲ. ಸ್ಟೇಷನ್ ಹತ್ತಿರದ ಎತ್ತರದ ಕಟ್ಟಡವೊಂದರ ಮೇಲಿನ ಮಹಡಿಗಳಲ್ಲಿ ನಮ್ಮ ಸಂಸ್ಥೆ ಇತ್ತು. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ತಪಾಸಣೆ ಮಾಡುವುದು ನಮ್ಮ ಕೆಲಸ. ನಮ್ಮನ್ನು ತಪಾಸಣೆ ಮಾಡಲು ಪಾರ್ಲಿಮೆಂಟಿನ ಒಂದು ಸಮಿತಿ ಇತ್ತು. ಅದು ಆಗಾಗ ನಮ್ಮ ಮುಖ್ಯಸ್ಥೆಯನ್ನು ವೆಸ್ಟ್‌ಮಿನ್‌ಸ್ಟರ್‌ಗೆ ಕರೆಸಿ, ಇಷ್ಟು ಸಾರ್ವಜನಿಕ ಹಣ ಪಡೆದು ಏನು ಮಾಡಿದಿರಿ ಎಂದು ಎಲ್ಲರೆದುರು ಕೇಳುತ್ತಿತ್ತು.

ಕರೆ ಬಂದ ಮೇಲೆ ಆಫೀಸಿನಲ್ಲಿ ತಾಲೀಮು ಶುರು. ಮೀಟಿಂಗ್ ರೂಮಿನ ಮೇಜುಗಳನ್ನು ಕುದುರೆ ಲಾಳದ ಆಕಾರಕ್ಕೆ ಜೋಡಿಸುತ್ತಿದ್ದೆವು. ನಮ್ಮಲ್ಲೇ ಒಬ್ಬೊಬ್ಬರು ಒಬ್ಬೊಬ್ಬ ಸದಸ್ಯರಾಗಬೇಕು. ಜನ ಸಾಲದಿದ್ದರೆ ಖಾಲಿ ಕುರ್ಚಿಯ ಬೆನ್ನಿಗೆ ಯಾರದಾದರೂ ಕೋಟು ಹಾಕಿಬಿಡುತ್ತಿದ್ದೆವು. ಮುಖ್ಯಸ್ಥೆ ಲಾಳದ ಬಾಯಿಯಲ್ಲಿ ಒಬ್ಬರೇ ಕೂತು, ಉತ್ತರ ಹೇಳುವಾಗ ಕೋಟುಗಳ ಕಡೆಗೂ ಕಣ್ಣು ಹಾಯಿಸಬೇಕಿತ್ತು. ಇನ್ನೊಂದು ಕಟ್ಟುನಿಟ್ಟು: ತಾಲೀಮಿನಲ್ಲಿ ಯಾರೂ ಏನೂ ಬರೆದುಕೊಳ್ಳುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಕಾಗದ ಅಂತ ಒಂದಿದ್ದರೆ ಸಮಿತಿ ಅದನ್ನೂ ತರಿಸಿಕೊಳ್ಳಬಹುದು. ಹೀಗಾಗಿ ಆ ಕೋಣೆಯಲ್ಲಿ ನಡೆದದ್ದೆಲ್ಲ ಅಲ್ಲಿದ್ದವರ ತಲೆಗಳಲ್ಲಿ ಮಾತ್ರ ಉಳಿಯಿತು. ಅಂದರೆ, ಉಳಿಯಲಿಲ್ಲ.

ಸಮಿತಿ ಹಿಂದೆ ಬೇರೆ ಸಂಸ್ಥೆಗಳಿಗೆ ಕೇಳಿದ್ದನ್ನು ಓದಿ, ನಮಗೆ ಏನು ಕೇಳಬಹುದು ಎಂದು ಊಹಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಅಧ್ಯಕ್ಷರ ಪಾತ್ರ ನನಗೇ ಬಂತು. “ನಿಮಗೆ ನಗು ಬೇಗ ಬರುವುದಿಲ್ಲ. ಅವರಿಗೂ ಬರುವುದಿಲ್ಲ,” ಎಂದರು ಮುಖ್ಯಸ್ಥೆ. ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಆಫೀಸಿನವರನ್ನೆಲ್ಲ ಕನ್ನಡದಲ್ಲಿ ಮಾತಾಡಿಸುತ್ತಿದ್ದೇನೆ. ಹಾಗೆ ಮಾಡಿದೊಡನೆ ಎಲ್ಲರೂ ಸ್ವಲ್ಪ ಬೇರೆಯವರಾಗಿಬಿಡುತ್ತಾರೆ, ನಾನೂ ಸೇರಿ.

ಮೊದಲ ತಾಲೀಮು ಕೆಟ್ಟುಹೋಯಿತು. ನಾನು ಮೈಸೂರಿನವನು. ದೊಡ್ಡವರನ್ನು ಏನಾದರೂ ಕೇಳಬೇಕಾದರೆ, ಅವರು ತಪ್ಪಿಸಿಕೊಳ್ಳಲು ಒಂದು ದಾರಿಯನ್ನು ನಾವೇ ಮಾಡಿಕೊಟ್ಟು ಆಮೇಲೆ ಕೇಳುವುದು ನಮ್ಮ ಮನೆಯ ರೂಢಿ. ‘ಬಹುಶಃ ಆ ವರದಿ ನಿಮಗೆ ತಡವಾಗಿ ತಲುಪಿರಬೇಕು, ಅಲ್ಲವೇ?’ ಎಂದು ಕೇಳಿದೆ. ಮುಖ್ಯಸ್ಥೆ ಕನ್ನಡಕ ತೆಗೆದರು. “ಪ್ರಶ್ನೆಯೂ ನಿಮ್ಮದೇ, ಉತ್ತರವೂ ನಿಮ್ಮದೇ. ನಾನು ಇಲ್ಲಿ ಯಾಕಿದ್ದೇನೆ, ಟೀ ಕೊಡಲಿಕ್ಕಾ?” ಎಲ್ಲರೂ ನಕ್ಕರು.

ಆಮೇಲೆ ಕಲಿತೆ. ಚಿಕ್ಕದಾಗಿ ಕೇಳಬೇಕು, ಕೇಳಿ ಸುಮ್ಮನಾಗಬೇಕು. ಆ ಮೌನವನ್ನು ತುಂಬಲು ನನ್ನ ಬಾಯಿ ತವಕಿಸುತ್ತಿತ್ತು. ಮೇಜಿನ ಕೆಳಗೆ ಹೆಬ್ಬೆರಳನ್ನು ಉಗುರಿನಿಂದ ಚುಚ್ಚಿಕೊಂಡು ತಡೆಯುತ್ತಿದ್ದೆ. ನಿಜವಾದ ಅಧ್ಯಕ್ಷರು ಮಾಡುತ್ತಿದ್ದದ್ದೂ ಅದನ್ನೇ. ಎದುರಿಗಿದ್ದವರು ಆ ಮೌನಕ್ಕೆ ಹೆದರಿ, ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತಿದ್ದರು.

ಅದು ಮನೆಗೂ ಬಂತು. ಹೆಂಡತಿ ಧಾರವಾಡದವಳು, ಅಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಪ್ರ್ಯಾಕ್ಟೀಸ್ ಮಾಡಲು ಬೇಕಾದ ಪರೀಕ್ಷೆಗೆ ಮತ್ತೆ ಓದುತ್ತಿದ್ದಳು. ಒಂದು ಬೆಳಿಗ್ಗೆ ತಟ್ಟೆ ಮುಂದಿಟ್ಟವಳು ನನ್ನನ್ನೇ ದಿಟ್ಟಿಸಿದಳು.

“ಏನ್ರೀ ಇದು? ಉಪ್ಪಿಟ್ಟಿಗೆ ಉಪ್ಪು ಹಾಕೀಯೇನು ಅಂತ ಕೇಳಿ ಹಿಂಗ ಸುಮ್ನ ಕುಂತ್ರ ಹೆಂಗ? ನಾ ಏನ್ ಖೂನಿ ಮಾಡೇನೇನು?”

“ಕೇಳ್ದೆ ಅಷ್ಟೆ ಕಣೇ.”

“ಕೇಳಿದ್ದಕ್ಕಲ್ಲ. ಕೇಳಿದ್ ಮ್ಯಾಲೆ ನೋಡ್ಲಿಕತ್ತೀರಲ್ಲ, ಅದಕ್ಕ. ಆ ಚೇರ್ಮನ್‌ಗಿರಿ ಆಫೀಸಿನ್ಯಾಗ ಇಟ್ಟು ಬರ್ರಿ.”

ಅದೇ ವಾರವೋ ಏನೋ, ನಾನು ಏನೋ ಯೋಚಿಸುತ್ತ ಸೋಫಾದಲ್ಲಿ ಕೂತಿದ್ದೆ. ಎದುರಿಗೆ ಆಡುತ್ತಿದ್ದ ಮಗಳು ತಟ್ಟನೆ “ಓಕೆ, ಇಟ್ ವಾಸ್ ಮಿ, ಅಪ್ಪ” ಎಂದು ಅಳತೊಡಗಿದಳು. ನನ್ನ ಹಳೆಯ ಕನ್ನಡಕ ಮುರಿದು ಎಲ್ಲೋ ಅಡಗಿಸಿದ್ದಳಂತೆ. ನಾನು ಏನೂ ಕೇಳಿರಲೇ ಇಲ್ಲ.

ಆ ವರ್ಷದ ವಿಚಾರಣೆಗೆ ಕಾರಣ ಗ್ರೀನ್‌ಫರ್ಡ್‌ನ ಒಂದು ಹೋಮ್. ಚಳಿಗಾಲದಲ್ಲಿ ಅಲ್ಲಿ ಬಾಯ್ಲರ್ ಕೆಟ್ಟಿತ್ತು, ರಿಪೇರಿ ಆಗಿರಲಿಲ್ಲ, ಒಬ್ಬ ವೃದ್ಧೆ ಕೋಟು ತೊಟ್ಟುಕೊಂಡೇ ಹಾಸಿಗೆಯಲ್ಲಿ ಸತ್ತಿದ್ದಳು. ಅಲ್ಲಿನ ಸ್ಥಿತಿ ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂಬುದು ಮುಖ್ಯಸ್ಥೆಯ ಉತ್ತರ. ತಾಲೀಮಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಸಿದೆವು. ನನ್ನ ನೆನಪಿನ ಪ್ರಕಾರ, ಕೊನೆಯ ತಾಲೀಮಿನಲ್ಲಿ, ಯಾರೂ ಸಿದ್ಧಪಡಿಸಿರದ ಒಂದು ಪ್ರಶ್ನೆ ನನ್ನ ಬಾಯಿಂದ ಬಂತು: “ಆ ಮನೆಗೆ ನೀವೇ ಒಮ್ಮೆ ಹೋಗಿದ್ದಿರಾ?” ಮುಖ್ಯಸ್ಥೆ ಒಂದು ಕೋಟಿನ ಕಡೆಗೆ ನೋಡಿ “ಇಲ್ಲ” ಎಂದರು. ಅಥವಾ, ಯಾರೋ ಟೀ ತಂದರು, ತಾಲೀಮು ಅಲ್ಲಿಗೇ ನಿಂತಿತು. ಎರಡೂ ನೆನಪಿದೆ.

ವಿಚಾರಣೆಯ ದಿನ ಸಂಸ್ಥೆಯ ಮುಖ್ಯಸ್ಥರು ಮುಂದೆ, ಅವರ ಸಿಬ್ಬಂದಿ ಬೆನ್ನ ಹಿಂದಿನ ಸಾಲಿನಲ್ಲಿ, ಅದು ಪದ್ಧತಿ. ಹಿಂದಿನವರು ಬೇಕಾದರೆ ಚೀಟಿ ದಾಟಿಸಬಹುದು, ಮಾತಾಡುವಂತಿಲ್ಲ. ನನ್ನ ಪಕ್ಕದಲ್ಲಿ ಪತ್ರಿಕೆಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಕೂತಿದ್ದಳು. ನಿಜವಾದ ಅಧ್ಯಕ್ಷರು ಪುಟ ತಿರುಗಿಸಿದರು, ತಲೆ ಎತ್ತಿದರು. 

“ಆ ಮನೆಗೆ ನೀವೇ ಒಮ್ಮೆ ಹೋಗಿದ್ದಿರಾ?”

ಅದೇ ಮಾತು, ಆಮೇಲೆ ಅದೇ ಮೌನ. ಮುಖ್ಯಸ್ಥೆಯ ಕುತ್ತಿಗೆ ಮಾತ್ರ ನನಗೆ ಕಾಣುತ್ತಿತ್ತು. “ಇಲ್ಲ, ಅಧ್ಯಕ್ಷರೇ,” ಎಂದರು.

ಹೊರಗೆ, ಪಾರ್ಲಿಮೆಂಟಿನ ಉದ್ದನೆಯ ಕಾರಿಡಾರಿನಲ್ಲಿ, ಸಹೋದ್ಯೋಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. “ಅವರು ಕೇಳುವ ಮೊದಲೇ ನಿನ್ನ ತುಟಿ ಅಲುಗಾಡುತ್ತಿತ್ತು.”

“ನನಗೆ ಗೊತ್ತಾಗಲಿಲ್ಲ.”

“ನನಗೆ ಗೊತ್ತಾಯಿತಲ್ಲ.”

ಸಂಜೆಯೊಳಗೆ ಮಾತು ಹಬ್ಬಿತ್ತು: ತಾಲೀಮಿನ ಪ್ರಶ್ನೆಯನ್ನು ನಾನು ಸಮಿತಿಗೆ ಮುಟ್ಟಿಸಿದ್ದೇನೆ. ಮುಟ್ಟಿಸಿರಲಿಲ್ಲ. ಇಡೀ ಕತೆಯಲ್ಲಿ ನಾನು ಖಚಿತವಾಗಿ ಹೇಳಬಲ್ಲ ಸಂಗತಿ ಇದೊಂದೇ. ಆದರೆ ಅದನ್ನು ರುಜುವಾತು ಮಾಡುವುದು ಹೇಗೆ? ನಾನು ಈ ದೇಶದಲ್ಲಿದ್ದದ್ದು ಸಂಸ್ಥೆ ಕೊಡಿಸಿದ್ದ ವರ್ಕ್ ಪರ್ಮಿಟ್ ಮೇಲೆ. ಶಾಶ್ವತವಾಗಿ ನೆಲೆಸಲು ಹಾಕಿದ್ದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಈಗ ಕೆಲಸದಿಂದ ತೆಗೆದರೆ ಮೂವರೂ ಗಂಟುಮೂಟೆ ಕಟ್ಟಬೇಕು, ಹೆಂಡತಿಯ ಪರೀಕ್ಷೆಯೂ ಅಲ್ಲಿಗೇ ಮುಗಿಯಿತು.

“ನೀವು ಹೇಳಿಲ್ಲ ಅಂದ್ಮ್ಯಾಲೆ ಹೇಳಿಲ್ಲ,” ಎಂದಳು ಹೆಂಡತಿ. ಸ್ವಲ್ಪ ಹೊತ್ತಾದ ಮೇಲೆ, ಪುಸ್ತಕದಿಂದ ತಲೆ ಎತ್ತದೆ, “ಹೇಳಿಲ್ಲ ಹೌದಲ್ರೀ?” ಎಂದಳು.

ಸಿಬ್ಬಂದಿ ವಿಭಾಗದಿಂದ ಬಂದವರು ಮೆಲುದನಿಯ ಮನುಷ್ಯ. ಎಲ್ಲರನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಆ ಪ್ರಶ್ನೆ ತಾಲೀಮಿನಲ್ಲಿ ಬಂದಿತ್ತು ಎಂದು ಎಲ್ಲರೂ ಒಪ್ಪಿದರು. ನಾನು ಕೇಳಿದೆ ಎಂದು ಕೆಲವರು. ಅಲ್ಲ, ಕೋಟು ಹಾಕಿದ್ದ ಕುರ್ಚಿಯ ಕಡೆಯಿಂದ ಬಂತು ಎಂದು ಒಬ್ಬ. ಅವನು ಆಮೇಲೆ, ತಮಾಷೆಗೆ ಹೇಳಿದೆ ಎಂದು ಮಾತು ಹಿಂದಕ್ಕೆ ತೆಗೆದುಕೊಂಡ. ಕಾಗದವಂತೂ ಇರಲಿಲ್ಲ. ಕೊನೆಗೆ ಅವರು ಹೇಳಿದರು, “ಅವತ್ತು ಹೇಗೆ ಕೂತಿದ್ದಿರೋ ಹಾಗೇ ಕೂತು, ಹಾಗೇ ಇನ್ನೊಮ್ಮೆ ಮಾಡಿ. ಕೂತಾಗ ನೆನಪಾಗುತ್ತದೆ.”

ಹೀಗೆ, ಒಂದು ಮಧ್ಯಾಹ್ನ, ತಾಲೀಮಿನ ತಾಲೀಮು. ಮುಖ್ಯಸ್ಥೆಯೇ ಮೊದಲು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಯಾವ ಕುರ್ಚಿಯ ಮೇಲೆ ಯಾವ ಬಣ್ಣದ ಕೋಟು ಎಂದು ಚರ್ಚೆಯಾಯಿತು. ಬೂದು ಬಣ್ಣದ್ದು ಬೇಕು ಎಂದರು ಯಾರೋ. ಬೂದು ಕೋಟು ಯಾರದಾಗಿತ್ತು ಎಂದರೆ ಯಾರೂ ತಮ್ಮದೆನ್ನಲಿಲ್ಲ; ಆ ಕುರ್ಚಿಯನ್ನು ಹಾಗೇ ಬಿಟ್ಟರು. ಕಿಟಕಿಯ ಕೆಳಗೆ ವಿಕ್ಟೋರಿಯಾ ಸ್ಟೇಷನ್ನಿನ ಕಡೆಗೆ ರೈಲೊಂದು ಹೋಯಿತು. ಕೋಣೆ ಬೆಚ್ಚಗಿತ್ತು. ಆದರೂ ಮುಖ್ಯಸ್ಥೆ ಎರಡೂ ಕೈಗಳನ್ನು ಅಂಗಿಯ ತೋಳುಗಳೊಳಗೆ ಎಳೆದುಕೊಂಡಿದ್ದರು.

ನಾನು ಅಧ್ಯಕ್ಷನ ಜಾಗದಿಂದ ಕೇಳುತ್ತ ಹೋದೆ. ಎಷ್ಟು ತಪಾಸಕರಿದ್ದಾರೆ, ದೂರು ಬಂದರೆ ಯಾರು ನೋಡುತ್ತಾರೆ, ಇತ್ಯಾದಿ. ಅವರು ಉತ್ತರಿಸುತ್ತ ಹೋದರು. ಆ ಪ್ರಶ್ನೆ ಬರಬೇಕಾದ ಘಟ್ಟ ಹತ್ತಿರವಾಗುತ್ತಿದ್ದಂತೆ ಎಲ್ಲರೂ ಕತ್ತೆತ್ತಿದರು. ಕೇಳಿದರೆ, ಪ್ರಶ್ನೆ ನನ್ನದೇ ಎಂದು ನಾನೇ ತೋರಿಸಿಕೊಟ್ಟಂತೆ. ಬಿಟ್ಟರೆ, ಮುಚ್ಚಿಡುತ್ತಿದ್ದೇನೆ ಎಂದಾಗುತ್ತದೆ. ಹೆಂಡತಿ ಲೈಬ್ರರಿಯಲ್ಲಿ ಓದುತ್ತ ಕೂತಿರುವ ಹೊತ್ತು ಅದು. ಸುಮ್ಮನಾದೆ. ಈ ಸಲ ಬೆರಳು ಚುಚ್ಚಿಕೊಳ್ಳಬೇಕಾಗಲಿಲ್ಲ.

ಮುಖ್ಯಸ್ಥೆ ನನ್ನನ್ನು ನೋಡುತ್ತಿರಲಿಲ್ಲ. ಖಾಲಿ ಬಿಟ್ಟಿದ್ದ ಕುರ್ಚಿಯನ್ನು ನೋಡುತ್ತಿದ್ದರು.

“ಹೋಗಿದ್ದೆ,” ಎಂದರು, ಪಕ್ಕದವರ ಜೊತೆ ಮಾತಾಡುವಷ್ಟೇ ಸಹಜವಾಗಿ. “ಒಂದು ಭಾನುವಾರ, ಒಬ್ಬಳೇ. ಅವರೆಲ್ಲ ಟಿವಿ ಮುಂದೆ ಕೂತಿದ್ದರು. ನಾನೂ ಸ್ವಲ್ಪ ಹೊತ್ತು ಕೂತೆ. ಕೋಟು ತೆಗೆಯಲಿಲ್ಲ.”

ಸಹೋದ್ಯೋಗಿ ಪಿಸುಗುಟ್ಟಿದಳು: “ಆದರೆ ಯಾರೂ ಏನೂ ಕೇಳಲಿಲ್ಲವಲ್ಲ.”

ಅದಾದ ಮೇಲೆ ನನ್ನ ತುಟಿಯ ಬಗ್ಗೆ ಯಾರಿಗೂ ಆಸಕ್ತಿ ಉಳಿಯಲಿಲ್ಲ. ಆ ಹೋಮ್‌ಗೆ ಹೋಗಿಲ್ಲ ಎಂದು ಪಾರ್ಲಿಮೆಂಟಿನ ಸಮಿತಿಯ ಎದುರು ಹೇಳಿದ್ದವರು ನಿಜಕ್ಕೂ ಹೋಗಿದ್ದರು. ಅದರ ಮುಂದೆ ಬೇರೆಲ್ಲ ಸಣ್ಣದು. ಮುಖ್ಯಸ್ಥೆ ಅನಾರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಕೊಟ್ಟರು. ಆ ಹೋಮ್‌ನವರೇ ಯಾರೋ ಅವರನ್ನು ಗುರುತಿಸಿ ಸಮಿತಿಗೆ ತಿಳಿಸಿದ್ದಿರಬೇಕು ಎಂದು ಆಮೇಲೆ ಒಂದು ಮಾತು ಬಂತು. ಹಾಗೇ ಇರಬಹುದು. ಆಗ ಸಮಿತಿಯ ಪ್ರಶ್ನೆಗೆ ಕಾರಣ ಸಿಗುತ್ತದೆ. ನನ್ನ ಪ್ರಶ್ನೆಗೆ ಸಿಗುವುದಿಲ್ಲ.

ಅವರು ಹೊರಡುವ ದಿನ ಇಬ್ಬರೂ ಒಂದೇ ಲಿಫ್ಟಿನಲ್ಲಿದ್ದೆವು. ಪರ್ಮಿಟ್ ಕೊಡಿಸಿದವರ ಎದುರು ನಾನು ಕೈಕಟ್ಟಿ ನಿಂತಿದ್ದೆ. ಕೇಳಿದ್ದು ಅವರೇ.

“ಮೊದಲ ಸಲ ಅದನ್ನು ಕೇಳಿದ್ದು ಯಾರು? ನಾನು ಯಾರಿಗೂ ಹೇಳಿರಲಿಲ್ಲ.”

“ನಾನೇ ಅಂತ ಕಾಣುತ್ತದೆ.”

“ಅಲ್ಲ. ನಿಮ್ಮ ದನಿ ನನಗೆ ಗೊತ್ತು. ಅದು ಹೆಂಗಸಿನ ದನಿ. ವಯಸ್ಸಾದವರದು.”

ಬಾಗಿಲು ತೆರೆಯಿತು, ಅವರು ಇಳಿದು ಹೋದರು. ಹೀಗೆ ಹೇಳಿದರು ಎಂದು ನಾನು ಬರೆದಿದ್ದೇನೆ. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು, ಹಾಗಾಗಿ ಇದಕ್ಕೂ ನಾನೇ ಸಾಕ್ಷಿ.

ಕೆಲಸ ಉಳಿಯಿತು, ಅರ್ಜಿಯೂ ಮಂಜೂರಾಯಿತು. ಮುದ್ರೆ ಬಿದ್ದ ಪಾಸ್‌ಪೋರ್ಟುಗಳನ್ನು ಹೆಂಡತಿ ಬ್ಯಾಗಿನ ಒಳಜೇಬಿಗೆ ಸೇರಿಸಿ ಜಿಪ್ ಎಳೆದಳು. ಟ್ರಾಮ್ ಸ್ಟಾಪಿನಲ್ಲಿ ಮಗಳು ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು.

“ಇನ್ನರ ಬಾಯಿ ಬಿಟ್ಟು ಮಾತಾಡ್ರೀ,” ಎಂದಳು ಹೆಂಡತಿ. “ಅವತ್ತ ಆ ಕೋಣ್ಯಾಗ ಏನಾತು, ಇವತ್ತಿನ ತನಾ ನನ್ನ ಮುಂದ ಪೂರಾ ಹೇಳಿಲ್ಲ ನೀವು. ಈಗ ನಮ್ಮನ್ನ ಯಾರೂ ಕಳಸೂದಿಲ್ಲ. ಹೇಳ್ರಿ.”

ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕಾದಳು.

“ಟ್ರಾಮ್ ಬಂತು,” ಎಂದೆ.

ಅವಳು ತಿರುಗಿ ನೋಡಿದಳು. ಹಳಿಯ ಮೇಲೆ ಏನೂ ಇರಲಿಲ್ಲ.